ಅದು ಕೋಪವಲ್ಲ, ಗೋಲು: ರಕ್ತದೊತ್ತಡದ ಪೋಸ್ಟರಿನ ಬಗ್ಗೆ ಆರೋಗ್ಯಾಧಿಕಾರಿಗಳಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಬಸ್ ನಿಲ್ದಾಣದ ಎದುರಿನ ಗೋಡೆಯ ಮೇಲೆ ತಾವೊಂದು ಪೋಸ್ಟರ್ ಅಂಟಿಸಿದ್ದೀರಿ. ಅದರಲ್ಲಿ ಒಬ್ಬ ಹೆಂಗಸು ಕಣ್ಣುಗುಡ್ಡೆ ಹೊರಬರುವಂತೆ, ಕುತ್ತಿಗೆಯ ನರ ಉಬ್ಬಿ, ಹುಳುಕು ಹಲ್ಲು ಸಮೇತ ಜಗತ್ತಿಗೆ ಕಾಣುವಂತೆ ಕಿರುಚುತ್ತಿದ್ದಾಳೆ. ಆ ಹೆಂಗಸು ನಾನು. ಅದರ ಕೆಳಗೆ ಕೆಂಪಕ್ಷರದಲ್ಲಿ "ಕೋಪ ಬಿಡಿ, ರಕ್ತದೊತ್ತಡದಿಂದ ದೂರವಿರಿ" ಎಂದು ಬರೆಸಿದ್ದೀರಿ. ಆ ಮಾತು ತಪ್ಪು. ಮುಖದ ವಿಷಯ ಬಿಡಿ, ಅದು ನನ್ನದೇ, ಹುಟ್ಟಿದಾಗಿನಿಂದ ಹೊಂದಿಕೊಂಡು ಬಂದಿದ್ದೇನೆ. ಆದರೆ ತಮ್ಮ ಆ ಒಂದು ಸಾಲು ನನ್ನ ಗಂಡನನ್ನು ಇನ್ನೇನು ನುಂಗಿಬಿಡುತ್ತಿತ್ತು. ನುಂಗಲಿಲ್ಲ. ಪಕ್ಕದ ಕೋಣೆಯಲ್ಲಿ ಅವರು ಅಪಸ್ವರದಲ್ಲಿ ಸಿಳ್ಳೆ ಹಾಕುತ್ತಾ ಬೂಟು ಒರೆಸುತ್ತಿರುವುದು ಈಗಲೂ ಕೇಳುತ್ತಿದೆ. ಹಾಗಾಗಿ ತಮ್ಮನ್ನು ಚೆನ್ನಾಗಿ ಬೈಯಬೇಕೆಂದು ಪೆನ್ನು ಹಿಡಿದವಳು ನಡುನಡುವೆ ನಗುತ್ತಿದ್ದೇನೆ. ಬೈಗುಳ ಸಡಿಲವಾಗಿದ್ದರೆ ದಯವಿಟ್ಟು ಬಿಗಿ ಮಾಡಿಕೊಂಡು ಓದಬೇಕು.

ಮೊದಲು ಆ ಚಿತ್ರದ ಕಥೆ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಫುಟ್‌ಬಾಲ್ ಕೋಚ್. ನಮ್ಮ ತಂಡ ಸೋಲುವುದರಲ್ಲಿ ಎಷ್ಟು ಪಳಗಿತ್ತೆಂದರೆ ಎದುರಾಳಿಗಳು ನಮ್ಮ ಮೈದಾನಕ್ಕೆ ಬರುವಾಗ ಸಿಹಿ ಕಟ್ಟಿಸಿಕೊಂಡೇ ಬರುತ್ತಿದ್ದರು. ಅಂಥದ್ದರಲ್ಲಿ ಒಂದು ದಿನ ನಮ್ಮ ಗೋಲ್‌ಕೀಪರ್ ಹುಡುಗಿ, ಗೋಲು ತಡೆಯಬೇಕಾದವಳು, ಇನ್ನು ತಡೆದದ್ದು ಸಾಕೆಂದು ತೀರ್ಮಾನಿಸಿ, ಚೆಂಡನ್ನು ಕಾಲಲ್ಲೇ ಒಯ್ಯುತ್ತಾ ಇಡೀ ಮೈದಾನ ದಾಟಿ ಆಚೆಯ ಬಲೆಗೆ ತುರುಕಿಬಿಟ್ಟಳು. ಆಗ ನಾನು ಕಿರುಚಿದೆ. ಕಿರುಚದೆ ಏನು ಮಾಡಲಿ? ಇಲಾಖೆಯ ಛಾಯಾಗ್ರಾಹಕರು ಆ ದಿನ "ಕ್ರೀಡೆ ಮತ್ತು ಆರೋಗ್ಯ" ಎಂದೇನೋ ಚಿತ್ರ ತೆಗೆಯಲು ಬಂದಿದ್ದರು. ಅಂದರೆ ತಮ್ಮ ಪೋಸ್ಟರಿನಲ್ಲಿ ಇರುವುದು ಕೋಪವಲ್ಲ ಸ್ವಾಮಿ, ಗೋಲು! ನನ್ನ ಜೀವಮಾನದ ಅತ್ಯಂತ ಸಂತೋಷದ ಕ್ಷಣವನ್ನು ತಾವು ಒಂದು ರೋಗದ ಮುಖ ಮಾಡಿ ಊರಿಗೆಲ್ಲ ಹಂಚಿದ್ದೀರಿ. ಒಂದು ಮಾತು ಕೇಳಿದ್ದರೆ ನಾನೇ ಸಿಟ್ಟಾದ ಚಿತ್ರ ಕೊಡುತ್ತಿದ್ದೆ, ಮನೆಯಲ್ಲಿ ಬೇಕಾದಷ್ಟಿವೆ.

ಪೋಸ್ಟರ್ ಬಂದ ಮೇಲೆ ಊರಿನ ಜನಕ್ಕೆ ನನ್ನ ಆರೋಗ್ಯದ ಮೇಲೆ ಎಲ್ಲಿಲ್ಲದ ಕಾಳಜಿ ಹುಟ್ಟಿತು. ತರಕಾರಿ ಅಂಗಡಿಯಾಕೆ ತೂಕದಲ್ಲಿ ಮೋಸ ಮಾಡಿ, ನಾನು ಬಾಯಿ ತೆರೆಯುವ ಮೊದಲೇ "ಬೇಡ ಮೇಡಂ, ಬಿಪಿ ಏರುತ್ತೆ" ಎಂದು ತಡೆಯತೊಡಗಿದಳು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರು ಹೆಚ್ಚಾದರು, ಪಕ್ಕದಲ್ಲಿ ಕೂರುವವರು ಕಡಿಮೆಯಾದರು. ಕೊನೆಗೆ ನಮ್ಮ ಮುಖ್ಯೋಪಾಧ್ಯಾಯಿನಿ ನನ್ನನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿ, ಮರಣವಾರ್ತೆ ಹೇಳುವ ದನಿಯಲ್ಲಿ, "ನೋಡಿ, ಪೋಷಕರು ಹೆದರಿದ್ದಾರೆ. ಪಂದ್ಯದ ಮಧ್ಯೆ ನಿಮಗೆ ಏನಾದ್ರೂ ಆಗಿಬಿಟ್ರೆ ಮಕ್ಕಳ ಮನಸ್ಸಿಗೆ ಆಘಾತ ಆಗುತ್ತಂತೆ. ಒಂದ್ಸಲ ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ" ಅಂದರು. ನನ್ನ ಜೀವಕ್ಕೇನಾದರೂ ಆದೀತೆಂಬ ಚಿಂತೆ ಆ ಮಾತಿನಲ್ಲಿ ಎಲ್ಲೂ ಇರಲಿಲ್ಲ ಎಂಬುದನ್ನು ತಾವೂ ಗಮನಿಸಿರಬಹುದು.

ಇಲ್ಲಿ ನನ್ನ ಗಂಡನನ್ನು ಪರಿಚಯಿಸಬೇಕು. ಅವರು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಬೇರೆಯವರು ಮೊದಲ ಬಾರಿ ಕಾರು ಓಡಿಸುವಾಗ ಪಕ್ಕದಲ್ಲಿ ಕೂತುಕೊಳ್ಳುವುದೇ ಅವರ ಜೀವನೋಪಾಯ. ಕಲಿಯುವವರು ಕಾರನ್ನು ಕಾಂಪೌಂಡಿಗೆ ಗುದ್ದಿದ್ದಾರೆ, ಚರಂಡಿಗೆ ಇಳಿಸಿದ್ದಾರೆ, ಒಬ್ಬ ಮಹಾನುಭಾವರು ಕಾರು ತೊಳೆಯುವ ಅಂಗಡಿಯೊಳಗೆ ಕಿಟಕಿ ತೆರೆದುಕೊಂಡೇ ನುಗ್ಗಿಸಿದ್ದಾರೆ. ಇವರು ಆಗೆಲ್ಲ ಹೇಳಿದ್ದು ಒಂದೇ ಮಾತು: "ನಿಧಾನ." ಅದಕ್ಕೇ ಊರವರು ಇಟ್ಟ ಹೆಸರು ನಿಧಾನಣ್ಣ. ಮನೆಯಲ್ಲೂ ಅಷ್ಟೆ, ಆರಕ್ಕೇರುವುದಿಲ್ಲ, ಮೂರಕ್ಕಿಳಿಯುವುದಿಲ್ಲ. ಜಗಳಕ್ಕೆಂದು ನಾನು ಸೊಂಟ ಕಟ್ಟಿ ನಿಂತರೆ ಅವರು ಕುರ್ಚಿ ತಂದು ಕೊಡುತ್ತಾರೆ. ಇಂಥ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಜಗಳವಾಡುವ ಸುಖವನ್ನೇ ಕಾಣದ ಹೆಂಗಸು ನಾನು. ಅವರಿಗಿರುವ ಒಂದೇ ಚಟ ಉಪ್ಪು ಹಾಕಿ ಹುರಿದ ಕಡಲೆಬೀಜ. ಪಾಠದ ಹೊತ್ತಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಪೊಟ್ಟಣ ಬಿಚ್ಚಿರುತ್ತದೆ, ಕಲಿಯುವವರು ಒಂದು ತಪ್ಪು ಮಾಡಿದರೆ ಇವರು ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಾರೆ. ನಮ್ಮೂರಿನವರು ಹೇಗೆ ಕಾರು ಓಡಿಸುತ್ತಾರೆಂದು ತಮಗೆ ಗೊತ್ತೇ ಇದೆ. ಎಷ್ಟು ಉಪ್ಪು ಒಳಗೆ ಹೋಗಿರಬಹುದು, ತಾವೇ ಅಂದಾಜು ಮಾಡಿ.

ಅಂತೂ ಅವರೇ ನನ್ನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ನರ್ಸ್ ನನ್ನನ್ನು ಕಂಡೊಡನೆ "ಅಯ್ಯೋ, ಪೋಸ್ಟರ್ ಮೇಡಂ!" ಎಂದು ಎದ್ದು ನಿಂತಳು. ನನ್ನ ತೋಳಿಗೆ ಪಟ್ಟಿ ಸುತ್ತಿ, ಐದು ನಿಮಿಷ ಮಾತಾಡದೆ ಕೂರಬೇಕೆಂದಳು. ನನಗೆ ಇದುವರೆಗೆ ಯಾರೂ ಕೊಟ್ಟಿರದ ಕಠಿಣ ಶಿಕ್ಷೆ. ಮೆಷಿನ್ ಉಬ್ಬಿತು, ಇಳಿಯಿತು. ನೂರ ಹದಿನಾಲ್ಕು, ಎಪ್ಪತ್ತೆರಡು. ನರ್ಸಿನ ಮುಖ ಸಪ್ಪಗಾಯಿತು.

"ಇನ್ನೊಂದ್ಸಲ ನೋಡ್ತೀನಿ ಮೇಡಂ."

ಮತ್ತೆ ಅದೇ. ಇನ್ನೊಂದು ತೋಳಿಗೆ ಕಟ್ಟಿದಳು. ಹೆಚ್ಚುಕಮ್ಮಿ ಅದೇ.

"ಇದು ಹೇಗೆ ಸಾಧ್ಯ?" ಎಂದು ನನ್ನನ್ನೇ ಕೇಳಿದಳು, ನಾನೇನೋ ಪರೀಕ್ಷೆಯಲ್ಲಿ ಕಾಪಿ ಹೊಡೆದವಳ ಹಾಗೆ. "ಮೆಷಿನ್ನೇ ಕೆಟ್ಟಿರ್ಬೇಕು. ಸರ್, ನೀವು ಸಮಾಧಾನದಲ್ಲಿ ಇದ್ದೀರಲ್ಲ, ಸ್ವಲ್ಪ ನಿಮ್ಮ ಕೈ ಕೊಡಿ. ನಿಮ್ಮ ಕೈಲಿ ಸರಿಯಾಗಿ ಬಂದ್ರೆ ಮೆಷಿನ್ ಸರಿ ಇದೆ ಅಂತ."

ನಿಧಾನಣ್ಣ ನಗುತ್ತಾ ಅಂಗಿಯ ತೋಳು ಮಡಚಿ ಕೈ ಕೊಟ್ಟರು. ಪಟ್ಟಿ ಉಬ್ಬಿತು, ಇಳಿಯಿತು. ನೂರ ಎಂಬತ್ತೆಂಟು, ನೂರ ಹನ್ನೆರಡು.

"ನಾನು ಹೇಳಲಿಲ್ವಾ, ಮೆಷಿನ್ ಕೆಟ್ಟಿದೆ!" ಎಂದು ನರ್ಸ್ ಗೆದ್ದವಳಂತೆ ನನ್ನತ್ತ ನೋಡಿದಳು. ನಾವು ಮೂವರೂ ನಕ್ಕೆವು. ಆಮೇಲೆ ಅವಳು ತನ್ನ ತೋಳಿಗೆ ಕಟ್ಟಿಕೊಂಡು ನೋಡಿದಳು, ಸರಿಯಾಗಿಯೇ ಬಂತು. ಒಳಗಿನಿಂದ ಬೇರೆ ಮೆಷಿನ್ ತಂದು ಮತ್ತೆ ಇವರ ತೋಳಿಗೆ ಕಟ್ಟಿದಳು. ಅಂಕಿ ಕದಲಲಿಲ್ಲ. ಈ ಸಲ ಯಾರೂ ನಗಲಿಲ್ಲ. ನರ್ಸ್ ವೈದ್ಯರನ್ನು ಕರೆಯಲು ಎದ್ದು ಹೋದಳು, ಇವರು ಮಾತ್ರ ಪೊಟ್ಟಣಕ್ಕಾಗಿ ಜೇಬು ತಡಕಾಡುತ್ತಿದ್ದರು.

ವೈದ್ಯೆ ಬಂದರು. ಚಿಕ್ಕ ವಯಸ್ಸಿನವರು, ಮಾತು ನೇರ. "ತಲೆನೋವು ಬರುತ್ತಾ? ತಲೆ ಸುತ್ತುತ್ತಾ? ಎದೆ ಬಡಿತ?" ಎಲ್ಲಕ್ಕೂ ಇವರದು ಇಲ್ಲ, ಇಲ್ಲ, ಇಲ್ಲ. "ನನಗೇನೂ ಆಗಿಲ್ಲ ಡಾಕ್ಟರೇ. ಸಿಟ್ಟು ಅಂದ್ರೇನು ಅಂತಾನೇ ನನಗೆ ಗೊತ್ತಿಲ್ಲ. ಬೇಕಾದ್ರೆ ಇವಳನ್ನ ಕೇಳಿ."

"ಸಿಟ್ಟು ಬಂದಾಗ ಒತ್ತಡ ಏರುತ್ತೆ, ಸಿಟ್ಟು ಇಳಿದಾಗ ಅದೂ ಇಳಿಯುತ್ತೆ. ಇಳಿಯದೇ ಅಲ್ಲೇ ಉಳಿದುಬಿಡೋದು ಕಾಯಿಲೆ," ಅಂದರು ವೈದ್ಯೆ. "ನೀವು ಕಾರಿನವರಲ್ವಾ? ಟೈರಿಗೆ ಗಾಳಿ ಜಾಸ್ತಿ ತುಂಬಿದ್ರೆ ಟೈರು ಬಂದು ನಿಮಗೆ ಹೇಳುತ್ತಾ?"

"ಇಲ್ಲ," ಅಂದರು ಇವರು. "ಸಿಡಿದ ಮೇಲೆ ಹೇಳುತ್ತೆ."

"ಅಷ್ಟೇ ವಿಷಯ."

ಮಾನ್ಯರೇ, ಆ ಕಿರಿಯ ವೈದ್ಯೆ ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ತಮ್ಮ ಇಲಾಖೆ ವರ್ಷಗಟ್ಟಲೆ ಗೋಡೆಗೆ ಅಂಟು ಬಳಿದೂ ಹೇಳಲಿಲ್ಲ. ಒತ್ತಡ ಸದಾ ಮೇಲೆಯೇ ಇದ್ದರೆ ರಕ್ತನಾಳಗಳ ಒಳಗೋಡೆ ದಿನದಿಂದ ದಿನಕ್ಕೆ ಜಖಂ ಆಗುತ್ತಾ ಗಡಸಾಗುತ್ತದೆ. ಹೃದಯ ಅದರ ವಿರುದ್ಧ ದುಡಿದು ದುಡಿದು ದಪ್ಪವಾಗಿ, ಕೊನೆಗೆ ಸೋಲುತ್ತದೆ. ಮೂತ್ರಪಿಂಡ ಸದ್ದಿಲ್ಲದೆ ಸವೆಯುತ್ತದೆ, ಕಣ್ಣಿನ ಹಿಂಪರದೆಯಲ್ಲಿ ರಕ್ತ ಜಿನುಗುತ್ತದೆ, ಮಿದುಳಿನ ನಾಳ ಕಟ್ಟಿಕೊಳ್ಳಬಹುದು ಇಲ್ಲವೇ ಒಡೆಯಬಹುದು. ಇಷ್ಟೆಲ್ಲ ನಡೆಯುವಾಗಲೂ ಮನುಷ್ಯ ಸಿಳ್ಳೆ ಹಾಕುತ್ತಾ ಓಡಾಡಿಕೊಂಡಿರಬಲ್ಲ. ಇದಕ್ಕೆ ಕಾರಣ ಅಪ್ಪ ಅಮ್ಮನಿಂದ ಬಂದ ಮೈಗುಣ, ಏರುವ ವಯಸ್ಸು, ಉಪ್ಪು, ಬೊಜ್ಜು, ಹೆಂಡ, ದಿನವಿಡೀ ಕೂತೇ ಇರುವುದು. ಸಿಗರೇಟು ಸೇರಿಕೊಂಡರಂತೂ ನಾಳಗಳ ಪಾಡು ಕೇಳುವುದೇ ಬೇಡ. ನನ್ನ ಗಂಡ ಸೇದುವುದಿಲ್ಲ, ಕುಡಿಯುವುದಿಲ್ಲ. ಆದರೆ ಅವರ ಅಪ್ಪ ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಏಳಲಿಲ್ಲ. ಇವರು ಬೆಳಿಗ್ಗೆಯಿಂದ ಸಂಜೆಯವರೆಗೆ ಕಾರಿನ ಸೀಟಿನಿಂದ ಏಳುವುದಿಲ್ಲ. ಕಡಲೆಬೀಜದ ಮಾತು ಆಗಲೇ ಹೇಳಿದೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಹಿರಿಯರು ಹೇಳಿದ್ದು ಜ್ಞಾನದ ಬಗ್ಗೆ. ರಕ್ತದೊತ್ತಡಕ್ಕೂ ಅದು ಸಲ್ಲುತ್ತದೆಂದು ನನಗೆ ಅಂದು ತಿಳಿಯಿತು. ನಾನೋ, ಹೊತ್ತುಹೊತ್ತಿಗೆ ತುಳುಕಿ ಖಾಲಿಯಾಗುವವಳು. ಆದರೂ ಕಿರುಚಾಟದಿಂದ ನಿಮಗೆ ರಕ್ಷಣೆ ಸಿಕ್ಕಿದೆಯೆಂದು ಬೀಗಬೇಡಿ, ಕಿರುಚುವವರಿಗೂ ಬರುತ್ತದೆ, ನೀವೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ ಎಂದು ವೈದ್ಯೆ ನನಗೂ ಚುಚ್ಚಿಯೇ ಕಳಿಸಿದರು.

ಇವರ ಕಣ್ಣಿನ ಹಿಂಭಾಗ ಪರೀಕ್ಷಿಸಿದರು, ಅಲ್ಲಿ ಆಗಲೇ ಸ್ವಲ್ಪ ಹಾನಿಯಾಗಿತ್ತು. ಮಾತ್ರೆ ಬರೆದುಕೊಟ್ಟರು. ಚೆನ್ನಾಗಿದ್ದೇನೆ ಅನ್ನಿಸಿದರೂ ಬಿಡಬಾರದೆಂದು ಎರಡೆರಡು ಸಲ ಹೇಳಿದರು.

ಈಗ ತಮ್ಮ ಪೋಸ್ಟರಿನ ಪರಾಕ್ರಮಕ್ಕೆ ಬರುತ್ತೇನೆ. ಕ್ಲಿನಿಕ್ಕಿನಿಂದ ವಾಪಸು ಬರುವಾಗ ಬಸ್ ನಿಲ್ದಾಣದ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಎದುರಿಗೆ ನಾನೇ, ಗೋಡೆಯಗಲ. ಇವರು ಅದನ್ನು ತದೇಕಚಿತ್ತದಿಂದ ನೋಡಿ, "ಅಲ್ಲ ಕಣೇ, ಸರ್ಕಾರದವರೇ ಬರೆದು ಹಾಕಿದ್ದಾರೆ. ಕೋಪ ಇದ್ರೆ ಬಿಪಿ. ನನಗೆ ಕೋಪ ಇಲ್ಲ. ಆಫೀಸಿನವರು ಸುಳ್ಳು ಬರೀತಾರಾ?" ಅಂದರು. ಆರೋಗ್ಯಾಧಿಕಾರಿಗಳೇ, ಈ ಊರಿನಲ್ಲಿ ತಮ್ಮ ಇಲಾಖೆಯ ಮಾತನ್ನು ಪೂರ್ತಿ ನಂಬಿದ ಏಕೈಕ ನಾಗರಿಕನಿಗೆ ಆದ ಗತಿ ಕೇಳಿ. ಕೆಲವು ವಾರ ಅವರು ಮಾತ್ರೆ ನುಂಗಿದರು. ಆಮೇಲೆ, ನನಗೇನೂ ಆಗಿಲ್ಲವಲ್ಲ ಎಂದುಕೊಂಡು, ನನಗೆ ತಿಳಿಯದಂತೆ ಬಿಟ್ಟರು. ನಾನು ದಿನಾ "ತಗೊಂಡ್ರಾ?" ಎಂದು ಕೇಳುತ್ತಿದ್ದೆ. "ಹೂಂ" ಅನ್ನುತ್ತಿದ್ದರು. ಸುಳ್ಳು ಹೇಳುವಾಗಲೂ ದನಿ ಏರದ, ಮುಖ ಬದಲಾಗದ ಮನುಷ್ಯನನ್ನು ಕಟ್ಟಿಕೊಂಡರೆ ಹಿಡಿಯುವುದು ಹೇಗೆ, ತಾವೇ ಹೇಳಿ.

ಅವರ ಬಳಿ ಆಗ ಕಾರು ಕಲಿಯುತ್ತಿದ್ದವರಲ್ಲಿ ಒಬ್ಬ ಅಜ್ಜಿ ಇದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು, ಎಪ್ಪತ್ತು ದಾಟಿದೆ. ತೀರಿಹೋದ ಗಂಡನ ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿದೆ, ಅದನ್ನು ನಾನೇ ಓಡಿಸುತ್ತೇನೆಂದು ಹಟ ಹಿಡಿದು ಬಂದಿದ್ದರು. ಎರಡನೇ ಗೇರು ದಾಟಿದವರಲ್ಲ. ಮೂರನೆಯದು ಗಂಡಸರಿಗೆ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಪಾಠ ನಡೆಯುತ್ತಿತ್ತು. ತಿರುವಿನಲ್ಲಿ ಅಜ್ಜಿ ವೇಗ ತಗ್ಗಿಸದೆ ಹೋದಾಗ ಇವರು ಎಂದಿನಂತೆ "ನಿಧಾನ" ಅನ್ನಹೋದರು. ಬಾಯಿಂದ ಬಂದದ್ದು "ಇಯಾಯ" ಎಂಬಂಥ ಏನೋ ಒಂದು ಸದ್ದು. ಕಡಲೆಬೀಜ ಹಿಡಿದಿದ್ದ ಬಲಗೈ ತೊಡೆಯ ಮೇಲೆ ಬಿತ್ತು, ಬೀಜವೆಲ್ಲ ಚೆಲ್ಲಾಪಿಲ್ಲಿ. ಅಜ್ಜಿ ತಿರುಗಿ ನೋಡಿದರೆ ಮೇಷ್ಟ್ರ ಬಾಯಿಯ ಒಂದು ಕಡೆ ಜೋತಿದೆ.

ಅಜ್ಜಿ ಕಾರು ನಿಲ್ಲಿಸಿ ಅಳುತ್ತಾ ಕೂರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಲು ನೋಡಿದರಂತೆ, ಆ ರಸ್ತೆಯಲ್ಲಿ ಸಿಗ್ನಲ್ ಸಿಗಲಿಲ್ಲ. ಇಡೀ ಆಯುಷ್ಯ ಊರಿನ ಫೋನುಗಳನ್ನು ಜೋಡಿಸಿಕೊಟ್ಟವರಿಗೆ ಬೇಕಾದ ಹೊತ್ತಿನಲ್ಲಿ ಫೋನು ಕೈಕೊಟ್ಟಿತು! "ಹಾಳಾಗಿ ಹೋಗು" ಎಂದು ಅದನ್ನು ಹಿಂದಿನ ಸೀಟಿಗೆ ಎಸೆದು, ಗೇರು ಹಾಕಿ, ದೊಡ್ಡಾಸ್ಪತ್ರೆಯ ಕಡೆ ತಿರುಗಿಸಿದರು. ಆದರೆ ಕಾರು ಮುಂದೆ ಹೋಗಲೊಲ್ಲದು, ಜಗ್ಗುತ್ತದೆ, ನಿಲ್ಲುತ್ತದೆ. ಏನೆಂದು ನೋಡಿದರೆ, ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಬಳಿಯೂ ಒಂದು ಬ್ರೇಕು ಇರುತ್ತದಲ್ಲ, ಇವರು ಆ ಸ್ಥಿತಿಯಲ್ಲೂ ಅಭ್ಯಾಸಬಲದಿಂದ ಎಡಗಾಲಲ್ಲಿ ಅದನ್ನು ಒತ್ತುತ್ತಿದ್ದಾರೆ!

"ಕಾಲು ತೆಗೀರಿ ಮೇಷ್ಟ್ರೇ!" ಎಂದು ಅಜ್ಜಿ ಗದರಿದರು. "ನಿಮ್ಮ ಜೀವ ಉಳಿಸೋಕೆ ಹೊರಟಿದ್ದೀನಿ, ಇಲ್ಲೂ ತಪ್ಪು ಹುಡುಕಬೇಡಿ!"

ಕಾಲು ತೆಗೆದರು. ಅಜ್ಜಿ ಮೂರನೇ ಗೇರು ಹಾಕಿದರು. ನಾಲ್ಕನೆಯದನ್ನೂ ಹಾಕಿದರಂತೆ, ಅದು ಎಲ್ಲಿದೆಯೆಂದು ಅಲ್ಲಿಯವರೆಗೆ ಅವರಿಗೆ ಗೊತ್ತಿರಲಿಲ್ಲ. ಹಾರ್ನಿನಿಂದ ಕೈ ತೆಗೆಯಲಿಲ್ಲ. ಇವರು ಎಡಗೈಯನ್ನು ಮೇಲೆ ಕೆಳಗೆ ಆಡಿಸಿ, ಬಾಯಿ ಬಾರದಿದ್ದರೂ, ನಿಧಾನ ನಿಧಾನ ಎಂದು ಸನ್ನೆ ಮಾಡುತ್ತಲೇ ಇದ್ದರಂತೆ. ತುರ್ತು ವಿಭಾಗದ ಬಾಗಿಲಿಗೆ, ಆಂಬುಲೆನ್ಸ್ ನಿಲ್ಲುವ ಜಾಗಕ್ಕೇ, ಒಂದಿಷ್ಟೂ ಸೊಟ್ಟಗಾಗದಂತೆ ಅಜ್ಜಿ ಕಾರು ನಿಲ್ಲಿಸಿದರು. ಅಂಥ ಪಾರ್ಕಿಂಗ್ ಅವರು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ನಾನು ಓಡಿ ಹೋಗುವ ಹೊತ್ತಿಗೆ ಇವರನ್ನು ಮಲಗಿಸಿದ್ದರು. ಮಾನ್ಯರೇ, ನನಗೆ ಆಗ ಬಾಯಿ ಬರಲಿಲ್ಲ. ಊರಿಗೆಲ್ಲ ಕೇಳುವ ಗಂಟಲು ನನ್ನದು, ಅದರಿಂದ ಒಂದು ಸೊಲ್ಲು ಹೊರಡಲಿಲ್ಲ. ಅವರ ಬಲಗೈ ಹಿಡಿದುಕೊಂಡೆ, ಅದು ನನ್ನ ಕೈಯನ್ನು ತಿರುಗಿ ಹಿಡಿಯಲಿಲ್ಲ. ಮಿದುಳಿನ ನಾಳವೊಂದು ಕಟ್ಟಿಕೊಂಡಿದೆ, ಬೇಗ ಕರೆತಂದಿದ್ದಾರೆ, ನೋಡೋಣ ಎಂದರು ವೈದ್ಯರು. ಆ "ನೋಡೋಣ" ಎಂಬ ಮಾತಿನ ಕೆಳಗೆ ನಾನು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಟೆಲಿಫೋನ್ ಅಜ್ಜಿ ಪಕ್ಕದಲ್ಲೇ ಕೂತು, ನನಗೆ ನೀರು ಕುಡಿಸುತ್ತಾ, ತಮ್ಮ ಸೆರಗಿಗೆ ಅಂಟಿದ್ದ ಕಡಲೆಬೀಜದ ಸಿಪ್ಪೆಯನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ಕೈಯೊಳಗಿದ್ದ ಬೆರಳು ಅಲುಗಿತು. ಆಮೇಲೆ ಬಿಗಿಯಿತು. ಆಮೇಲೆ ನಿಧಾನಣ್ಣ, ತೊದಲುತ್ತಾ, ಆದರೆ ಅರ್ಥವಾಗುವ ಹಾಗೆ, ಅಜ್ಜಿಯ ಕಡೆ ನೋಡಿ ಹೇಳಿದರು: "ತಿರುವಿನಲ್ಲಿ... ಇಂಡಿಕೇಟರ್... ಹಾಕಲಿಲ್ಲ ನೀವು."

ನಾನು ಕಿರುಚಿದೆ. ಆ ಕಿರುಚಾಟಕ್ಕೆ ಪಕ್ಕದ ವಾರ್ಡಿನಿಂದ ಇಬ್ಬರು ನರ್ಸುಗಳು ಓಡಿ ಬಂದರು. ಛಾಯಾಗ್ರಾಹಕರು ಅಲ್ಲಿರಲಿಲ್ಲ, ತಮ್ಮ ಇಲಾಖೆಗೆ ಇನ್ನೊಂದು ಪೋಸ್ಟರ್ ತಪ್ಪಿಹೋಯಿತು.

ಇದು ಲಕ್ವದ ದೊಡ್ಡ ಹೊಡೆತಕ್ಕೆ ಮೊದಲು ಬರುವ ಚಿಕ್ಕ ಹೊಡೆತ, ಎಲ್ಲರಿಗೂ ಇಷ್ಟು ಪುಣ್ಯ ಇರುವುದಿಲ್ಲ ಎಂದು ವೈದ್ಯರು ಹೇಳಿದರು. ಮುಖ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಮನೆಯಲ್ಲಿ ಮಲಗಿಸಿ ನೋಡೋಣ ಅನ್ನದೆ ಆ ಕ್ಷಣವೇ ಆಸ್ಪತ್ರೆಗೆ ತರಬೇಕೆಂದರು. ಇಷ್ಟು ಬರೆಯಲು ಗೋಡೆಯ ಮೇಲೆ ಜಾಗ ಸಾಲದೇ? ನನ್ನ ಬಾಯಿಯನ್ನು ಸ್ವಲ್ಪ ಚಿಕ್ಕದು ಮಾಡಿದ್ದರೆ ಧಾರಾಳವಾಗಿ ಸಾಲುತ್ತಿತ್ತು.

ಇವರು ಮನೆಗೆ ಬಂದು ಚೇತರಿಸಿಕೊಂಡ ಮೇಲೆ ನಾನು ತಮ್ಮ ಕಚೇರಿಗೆ ಬಂದಿದ್ದೆ, ನೆನಪಿರಬಹುದು. ತಾವು ಎಷ್ಟು ಮೃದುವಾಗಿ ಮಾತಾಡಿದಿರಿ! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ನಾನು ನಡೆದದ್ದನ್ನೆಲ್ಲ ಹೇಳಿ, ದಯವಿಟ್ಟು ಆ ಸಾಲು ತೆಗೆಸಿ ಎಂದೆ. ತಾವು ಉಪ್ಪು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿ, "ಅಚ್ಚಾದದ್ದು ಇನ್ನೂ ಬಹಳ ಉಳಿದಿದೆಯಮ್ಮ, ಮುಗಿಯಲಿ, ನೋಡೋಣ" ಅಂದಿರಿ. ನಾನು ಸ್ವಲ್ಪ ದನಿ ಎತ್ತಿದೆ. ಆಗ ತಾವು ಆಡಿದ ಮಾತನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ಹಾಗೇ ಇಡುತ್ತೇನೆ: "ಕೋಪ ಮಾಡ್ಕೋಬೇಡಿ ಅಮ್ಮ, ಬಿಪಿ ಬರುತ್ತೆ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಈ ಊರಿನಲ್ಲಿ ಎತ್ತು ಯಾವುದು ಎಮ್ಮೆ ಯಾವುದು ಎಂದು ಗುರುತಿಸಬೇಕಾದ ಕುರ್ಚಿಯಲ್ಲಿ ಕೂತವರು ತಾವೇ ಅಲ್ಲವೇ? ಕೋಪ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಕೋಪವಿಲ್ಲದವರೆಲ್ಲ ಕ್ಷೇಮ ಎಂದು ಗೋಡೆಗೋಡೆಯ ಮೇಲೂ ಸಾರಿದರೆ ಮೆತ್ತಗಿನವರು, ನಗುಮುಖದವರು, ಯಾರ ತಂಟೆಗೂ ಹೋಗದವರು ತೋಳು ಮಡಚುವುದೇ ಇಲ್ಲ. ಮೊದಲು ಉರುಳುವವರು ಅವರೇ ಆದಾರು. ನನ್ನಂಥ ಗಂಟಲಿನವರನ್ನು ಊರೇ ಹಿಡಿದು ತಪಾಸಣೆಗೆ ಕಳಿಸುತ್ತದೆ. ನಿಧಾನಣ್ಣಂದಿರನ್ನು ಕಳಿಸುವವರು ಯಾರು?

ಮನೆಯ ಸುದ್ದಿ ಕೇಳಿದರೆ, ಎಲ್ಲ ಸುಖ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಇವರು ನೀರಿನ ಜೊತೆ ಮಾತ್ರೆಯನ್ನೂ ನುಂಗುತ್ತಿದ್ದಾರೆ, ದಿನಾ ಬೆಳಿಗ್ಗೆ, ನನ್ನ ಕಣ್ಣೆದುರೇ, ನಾಲಿಗೆ ಎತ್ತಿ ತೋರಿಸಿ. ಕಡಲೆಬೀಜ ಈಗ ಉಪ್ಪಿಲ್ಲದ್ದು. ಸಂಜೆ ನಮ್ಮ ಮೈದಾನದ ಸುತ್ತ ನಡೆಯುತ್ತಾರೆ, ಹುಡುಗಿಯರು "ಬೇಗ ಬೇಗ ಸರ್" ಎಂದು ಛೇಡಿಸುತ್ತಾರೆ. ಒತ್ತಡ ಇಳಿದಿದೆ. ವೈದ್ಯರು ಮತ್ತೆ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ ಕಳೆದ ತಿಂಗಳಿಂದ ಪಾಠವೂ ಶುರುವಾಗಿದೆ. ಹೋದ ವಾರ ಊಟದ ಹೊತ್ತಿನಲ್ಲಿ ಉಪ್ಪಿಲ್ಲದ ಸಾರು ಉಂಡು ಅವರು ತಟ್ಟೆ ತಳ್ಳಿ, ನಮ್ಮ ದಾಂಪತ್ಯದ ಚರಿತ್ರೆಯಲ್ಲೇ ಮೊದಲ ಬಾರಿಗೆ, "ಥೂ! ಇದನ್ನ ಮನುಷ್ಯರು ತಿಂತಾರಾ?" ಎಂದು ಕೂಗಿದರು. ನಾನು ಆನಂದದಿಂದ ಕುಣಿದಾಡಿದೆ. ಎಷ್ಟೋ ವರ್ಷಗಳ ಕನಸು, ಅಂದು ನಾವು ಮನಸಾರೆ ಜಗಳವಾಡಿದೆವು.

ಇನ್ನು ನನ್ನ ಹಕ್ಕೊತ್ತಾಯ. ಆ ಸಾಲು ಗೋಡೆಯಿಂದ ಇಳಿಯಬೇಕು. ನನ್ನ ಮುಖ ಬೇಕಾದರೆ ಇರಲಿ, ಅದರ ಕೆಳಗೆ "ಇವರಿಗೆ ಬಿಪಿ ಇಲ್ಲ, ನಿಮಗೆ ಇದೆಯೇ? ನೋಡಿಸಿಕೊಳ್ಳಿ" ಎಂದು ಬರೆಸಿ, ನಾನು ಅಡ್ಡಿ ಮಾಡುವುದಿಲ್ಲ. ಜನ ತಣ್ಣಗೆ ಕೂತು ಕಾಯುವ ಕಡೆಯೆಲ್ಲ, ಕ್ಷೌರದಂಗಡಿ, ಅಂಚೆ ಕಚೇರಿ, ಗ್ರಂಥಾಲಯ, ತಮ್ಮ ಕಚೇರಿಯ ಆ ಉದ್ದ ಬೆಂಚು, ಅಲ್ಲೆಲ್ಲ ಒಂದೊಂದು ಮೆಷಿನ್ ಇಡಿಸಿ. ತಮ್ಮ ಬೆಂಚಿನ ಮೇಲೆ ಕಾಯುವವರಿಗೆ ಐದು ನಿಮಿಷ ಸುಮ್ಮನೆ ಕೂರುವುದು ಕಷ್ಟವೇನಲ್ಲ, ಐದು ತಿಂಗಳು ಕೂತ ಅನುಭವ ಅವರಿಗಿದೆ.

ಕೊನೆಯದಾಗಿ, ತಮ್ಮ ತೋಳು. ಅಂದು ಏಳುವ ಮೊದಲು ನಾನು "ತಾವು ಯಾವಾಗ ನೋಡಿಸಿಕೊಂಡಿರಿ?" ಎಂದು ಕೇಳಿದ್ದೆ. ತಾವು ನಗುತ್ತಾ, "ನನಗ್ಯಾಕಮ್ಮ? ನಾನು ಕೂಗಾಡೋನಲ್ಲ" ಅಂದಿರಿ. ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಎಷ್ಟೇ ಆದರೂ ತಾವು ನಮ್ಮ ಅಧಿಕಾರಿಗಳು, ತಮ್ಮನ್ನು ಬೈಯಲಾದರೂ ತಾವು ಚೆನ್ನಾಗಿರಬೇಕು. ಈ ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿನ ನರ್ಸ್ ನಮ್ಮ ಶಾಲೆಯ ಗೇಟಿನಲ್ಲಿ ಮೆಷಿನ್ ಇಟ್ಟುಕೊಂಡು ಕೂತಿರುತ್ತಾಳೆ. ತಾವು ಬಂದು, ಸಾರ್ವಜನಿಕರೆದುರು ತೋಳು ಮಡಚಿ ಕೂರಬೇಕು. ಬಿಡುವಿಲ್ಲ, ವಾಹನವಿಲ್ಲ ಎಂಬ ಕಾರಣ ನಡೆಯದು. ತಮ್ಮ ಮನೆಯವರು ಕಳೆದ ಸೋಮವಾರದಿಂದ ನನ್ನ ಗಂಡನ ಬಳಿ ಕಾರು ಕಲಿಯುತ್ತಿದ್ದಾರೆ, ತಮಗೆ ಹೇಳಿಲ್ಲವಂತೆ. ನಾವಿಬ್ಬರು ಹೆಂಗಸರೂ ಕೂತು ಮಾತಾಡಿಕೊಂಡಿದ್ದೇವೆ. ತಮ್ಮನ್ನು ಅವರೇ ಕೂರಿಸಿಕೊಂಡು ಬರುತ್ತಾರೆ, ಪಕ್ಕದಲ್ಲಿ ಮೇಷ್ಟ್ರು ಇರುತ್ತಾರೆ, ಹೆದರಬೇಡಿ. ಒಂದು ಮಾತು ಮಾತ್ರ ತಿಳಿದಿರಲಿ. ತಮ್ಮ ಮನೆಯವರು ಮುಂದೆ ಹೋಗುವುದನ್ನು ಚೆನ್ನಾಗಿಯೇ ಕಲಿತಿದ್ದಾರೆ. ರಿವರ್ಸ್ ಇನ್ನೂ ಕಲಿತಿಲ್ಲ.

ಇಂತಿ,
ಎಷ್ಟು ಹುಡುಕಿದರೂ ಒಂದು ಕಾಯಿಲೆಯೂ ಸಿಗದೆ ಊರಿನವರೆದುರು ತಲೆ ತಗ್ಗಿಸಿ ನಿಂತಿರುವ,
ತಮ್ಮದೇ ಊರಿನ ಫುಟ್‌ಬಾಲ್ ಕೋಚ್